ಯಮನಮ್ಮನ ಪಾಳಿ

೭ ಜನವರಿ ೧೯೯೯, ಸಿಂಧನೂರು

ಈ ಡೈರಿ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ರೈತರಿಗೊಂದು ಬುದ್ಧಿಮಾತು ಅಚ್ಚು ಹಾಕಿಸಿದ್ದಾರೆ. ಇವತ್ತಿನದು, ‘ಸಸಿಯಿಂದ ಸಸಿಗೆ ಅಂತರವಿರಲಿ.’ ನನಗೆ ಹೊಲವೂ ಇಲ್ಲ, ಸಸಿಯೂ ಇಲ್ಲ. ಅಂತರ ಮಾತ್ರ ಬೇಕಾದಷ್ಟಿದೆ. ಯಮನಮ್ಮ ಹೋಗಿ ಐದು ವಾರವಾಯಿತು. ಮಕ್ಕಳಿಲ್ಲದ ಮನೆ, ಎರಡು ಕೋಣೆ, ಒಬ್ಬ ರಿಟೈರ್ಡ್ ಟೆಲಿಫೋನ್ ಆಪರೇಟರ್.

ಮಧ್ಯಾಹ್ನ ಸ್ಟೀಲ್ ಪಾತ್ರೆ ಅಂಗಡಿಯಿಂದ ಒಬ್ಬ ಬಂದ. ಯಮನಮ್ಮ ಅನ್ನುವವರ ಮನೆ ಇದೇನಾ ಎಂದು ಕೇಳಿದ. ಮನೆ ಇದೇ, ಯಮನಮ್ಮ ಅನ್ನುವವರು ಇಲ್ಲ ಎಂದೆ. ಅವನು ಮೊದಲರ್ಧ ಕೇಳಿಸಿಕೊಂಡು ಚೀಲದಿಂದ ಕಾಗದ ತೆಗೆದ. ದೀಪಾವಳಿಗೆ ಕೊಡ ಕೊಂಡವರ ಹೆಸರಿನಲ್ಲಿ ಲಕ್ಕಿ ಡ್ರಾ ಆಯಿತಂತೆ. ಮೊದಲ ಬಹುಮಾನ ಮೊಪೆಡ್ಡು, ಅದು ಜವಳಗೇರಾದ ಯಾವನಿಗೋ ಹೋಯಿತು. ಯಮನಮ್ಮನಿಗೆ ಬಂದದ್ದು ಸಮಾಧಾನಕರ ಬಹುಮಾನ. ಆಕೆ ಸತ್ತ ಮೇಲೆ ನನಗೆ ಸಮಾಧಾನ ಕಳಿಸಿದವರಲ್ಲಿ ಪಾತ್ರೆ ಅಂಗಡಿಯವರೇ ಮೊದಲಿಗರು. ಬಳಗದವರು ಇನ್ನೂ ದಾರಿಯಲ್ಲಿದ್ದಾರೆ.

ಬಹುಮಾನ ಏನು? ಎರಡು ತಿಂಗಳ ಕಂಪ್ಯೂಟರ್ ಕೋರ್ಸು, ಸರ್ಟಿಫಿಕೇಟ್ ಸಮೇತ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ. ‘ಗಾಡ್ ಪ್ರಪೋಸಸ್, ಮ್ಯಾನ್ ಡಿಸ್ಪೋಸಸ್’ ಎಂದು ರಾಯಚೂರಿನ ಕಾಲೇಜಿನಲ್ಲಿ ಓದಿದ್ದೆ. ಹಾಗೋ, ಹಿಂದುಮುಂದೋ. ಆ ಇಂಗ್ಲಿಷ್ ಪೇಪರಿನಲ್ಲೇ ನಾನು ಎರಡು ಸಲ ಫೇಲಾದದ್ದು.

ಕೂಪನ್ನಿನಲ್ಲಿ ನನ್ನ ಹೆಸರು ಯಾಕಿಲ್ಲ ಎಂದು ಪಕ್ಕದ ಮನೆಯ ಶೇಖಮ್ಮನನ್ನು ಕೇಳಿದೆ. ಕೊಡ ಕೊಳ್ಳಲು ಇಬ್ಬರೂ ಕೂಡಿ ಹೋಗಿದ್ದರು.

“ಅಂಗಡ್ಯಾವ ಯಜಮಾನ್ರ ಹೆಸರು ಹೇಳ್ರಿ ಅಂದ, ಅಣ್ಣಾ. ಆಕಿ ಏನಂದ್ಲು ಗೊತ್ತೇನು? ನಮ್ಮನಿಯವ್ರ ಹೆಸರು ಹೇಳಬೇಕಂದ್ರ ಒಡಪು ಕಟ್ಟಬೇಕು, ಅಷ್ಟು ಪುರುಸೊತ್ತು ನಿನಗಿಲ್ಲ, ನಂದ ಬರಕೋ ಅಂದ್ಲು.”

ಗಂಡನ ಹೆಸರನ್ನು ಹಾಡಿನ ಸಾಲಿನೊಳಗೆ ಮುಚ್ಚಿಟ್ಟು ಹೇಳುವುದು ಒಡಪು. ಅದೂ ಮದುವೆ ಕುಬಸದಲ್ಲಿ ಮಾತ್ರ. ಬಾಕಿ ದಿನ ಬಾಯಿಗೆ ಬೀಗ. ಮೂವತ್ತಾರು ವರ್ಷ ಮನೆಯಲ್ಲಿ ನನ್ನ ಹೆಸರು ‘ಇಲ್ಲಿ ನೋಡ್ರಿ’. ಎಕ್ಸ್‌ಚೇಂಜಿನಲ್ಲಾದರೂ ಹೆಸರಿತ್ತೇ? ಅಲ್ಲಿ ನಾನು ‘ಹಲೋ ಲಿಂಗಸೂಗೂರು’. ಮಸ್ಕಿಯವನು ಮಸ್ಕಿ, ರಾಯಚೂರಿನವನು ರಾಯಚೂರು. ಊರುಗಳು ಊರುಗಳ ಜೊತೆ ಜಗಳ ಮಾಡುತ್ತಿದ್ದವು.

ಶೇಖಮ್ಮ ಹೋಗುವಾಗ ಅಡುಗೆಮನೆಗೆ ಇಣುಕಿ, ಯಮನಮ್ಮನ ರೊಟ್ಟಿ ಹಂಚು ಸುಮ್ಮನೆ ಬಿದ್ದಿದೆಯಲ್ಲ, ತನ್ನದು ಬಿರುಕು ಬಿಟ್ಟಿದೆ ಎಂದಳು. ಅದು ರಜೆಯಲ್ಲಿದೆ ಎಂದೆ.

೮ ಜನವರಿ

ಕಂಪ್ಯೂಟರ್ ಸೆಂಟರ್ ಇರುವುದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ, ಮೇಲೆ ಹೋದರೆ ಅಗರಬತ್ತಿ. ನಾಲ್ಕು ಕಂಪ್ಯೂಟರ್, ನಾಲ್ಕಕ್ಕೂ ಹೂವಿನ ಅಂಚಿನ ಮುಸುಕು. ಚಪ್ಪಲಿ ಹೊರಗೆ ಬಿಡಬೇಕು. ಮಾಲೀಕ ವೆಂಕೋಬ, ಕೂಪನ್ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ ಎಂದು ಅದರ ಹಿಂದಿನ ಸಣ್ಣ ಅಕ್ಷರ ತೋರಿಸಿದ. ನಾನು ಬಿಡಲಿಲ್ಲ. ‘ಹಸ್ಬೆಂಡ್ ಈಸ್ ದಿ ಲೀಗಲ್ ಟೆಂಡರ್ ಆಫ್ ದಿ ವೈಫ್’ ಎಂದೆ. ಟೆಂಡರೋ ಮತ್ತೇನೋ, ಅವನಿಗೂ ಗೊತ್ತಿರಲಿಲ್ಲ, ಹೆದರಿದ.

ನಾನು ಕೇಳಿದ್ದು ಇಷ್ಟೇ. ಕೂರುವವನು ನಾನು, ಹೆಸರು ಆಕೆಯದೇ ಇರಲಿ. ಸರ್ಟಿಫಿಕೇಟೂ ಆಕೆಯ ಹೆಸರಿನಲ್ಲೇ ಬರಲಿ. ವೆಂಕೋಬನ ಮುಖ ಅರಳಿತು. ಕೂಪನ್ನಿನ ನಂಬರಿಗೂ ರಿಜಿಸ್ಟರಿನ ಹೆಸರಿಗೂ ತಾಳೆಯಾದರೆ ಅವನಿಗೆ ಸಾಕು. ಮೀಸೆಗೂ ಹೆಸರಿಗೂ ತಾಳೆಯಾಗಬೇಕೆಂದು ಯಾವ ಸಣ್ಣ ಅಕ್ಷರದಲ್ಲೂ ಇಲ್ಲ.

ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಆಕೆಯ ಫೋಟೊದ ಪಕ್ಕ ನೇತುಹಾಕಬೇಕು. ಬೇರೆ ಏನೂ ಬೇಡ. ಸಂಜೆ ಮೊಳೆ ಹೊಡೆದಿಟ್ಟೆ.

೧೧ ಜನವರಿ

ಕಲಿಸುವವಳು ಗುಲ್ಬರ್ಗದಲ್ಲಿ ಡಿಪ್ಲೊಮಾ ಮಾಡಿ ಬಂದ ಹುಡುಗಿ. ಹೆಸರು ಹಾಜಿರಾಬೀ, ಮೊದಲ ಕೆಲಸ ಹಾಜರಿ ಕರೆಯುವುದು. ಹೆಸರಿಟ್ಟವರಿಗೆ ದೂರದೃಷ್ಟಿ ಇತ್ತು. ತರಗತಿಯಲ್ಲಿ ಹನ್ನೊಂದು ಮಂದಿ. ನನ್ನ ಬಿಟ್ಟರೆ ಎಲ್ಲರ ವಯಸ್ಸು ಕೂಡಿಸಿದರೂ ನನ್ನದರ ನಾಲ್ಕು ಪಟ್ಟು ಆಗಲಿಕ್ಕಿಲ್ಲ.

“ಯಮನಮ್ಮ” ಎಂದು ಕರೆದಳು.

ಹಾಜರ್ ಎಂದೆ. ನನ್ನ ಪಕ್ಕದ ಗದ್ದೆಪ್ಪ ಅನ್ನುವವನು ಕೆಮ್ಮಿದ ಹಾಗೆ ನಕ್ಕ. ಹಾಜಿರಾ ಮೇಡಂ ನನ್ನ ಮೀಸೆ ನೋಡಿದಳು, ರಿಜಿಸ್ಟರ್ ನೋಡಿದಳು, ಮತ್ತೆ ಮೀಸೆ ನೋಡಿ ಒಂದು ಟಿಕ್ ಹಾಕಿದಳು. ಸರ್ಕಾರಿ ಕೆಲಸಕ್ಕೆ ಹೋಗಬೇಕಾದ ಹುಡುಗಿ.

೨೦ ಜನವರಿ

ಹತ್ತು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇಲಿ ಹಿಡಿಯುವುದು ಕಲಿತೆ. ಅದನ್ನು ಮೌಸ್ ಅನ್ನುತ್ತಾರೆ, ಬಾಲವೂ ಇದೆ.

ಇವತ್ತು ಜಾವಾಸ್ಕ್ರಿಪ್ಟ್ ಅನ್ನುವುದು ಶುರುವಾಯಿತು. ಇಂಟರ್ನೆಟ್ಟಿನ ಪುಟಕ್ಕೆ ಜೀವ ತುಂಬುವ ಭಾಷೆಯಂತೆ. ಸಿಂಧನೂರಿನಲ್ಲಿ ಇಂಟರ್ನೆಟ್ ಇಲ್ಲ. ಜೀವ ಮೊದಲು ಬಂದಿದೆ, ದೇಹ ಆಮೇಲೆ ಬರುತ್ತದೆ. ಮೇಡಂ ಒಂದು ತಾಪತ್ರಯ ತೋರಿಸಿದಳು. ಕಂಪ್ಯೂಟರಿಗೆ ಉದ್ದದ ಕೆಲಸ ಕೊಟ್ಟರೆ ಅದು ಮುಗಿಯುವತನಕ ಪರದೆ ಕಲ್ಲಾಗಿ ಕೂರುತ್ತದೆ. ಒತ್ತಿದರೂ ಕೇಳದು, ಬೈದರೂ ಕೇಳದು. ಇದಕ್ಕೆ ಮದ್ದು ಅಸಿಂಕ್ರೊನಸ್ ಎಂದು ಬೋರ್ಡಿನ ಮೇಲೆ ಬರೆದು, ಯಾರಾದರೂ ಅರ್ಥ ಹೇಳಿ ಎಂದಳು. ನಾನು ಕೈ ಎತ್ತಿದೆ. ಸಿಂಕ್ ಅಂದರೆ ಮುಳುಗುವುದು. ಎ-ಸಿಂಕ್ ಅಂದರೆ ಮುಳುಗದೆ ಇರುವುದು.

ಅವಳು ನಗಲಿಲ್ಲ. “ಪೂರಾ ತಪ್ಪೇನಿಲ್ಲ ಬಿಡ್ರಿ ಕಾಕಾ” ಎಂದಳು. ಅರ್ಥ ಏನೆಂದರೆ, ಕೆಲಸವನ್ನು ಪಾಳಿಗೆ ಹಚ್ಚಿ ನಿಮ್ಮ ದಾರಿ ನೀವು ಹಿಡಿಯುವುದು. ಅದು ಮುಗಿದಾಗ ನಿಮ್ಮನ್ನು ಕರೆಯುತ್ತದೆ. ಹುಡುಗರಿಗೆ ತಿಳಿಯಲಿಲ್ಲ. ಕರೆಯುವವರು ಯಾರು, ಎಲ್ಲಿಂದ ಕರೆಯುತ್ತಾರೆ ಎಂದು ಗದ್ದೆಪ್ಪ ಕೇಳಿದ.

ಆಗ ಎದ್ದು ನಿಂತೆ. ಮೂವತ್ತು ವರ್ಷ ನಾನು ಮತ್ತೇನು ಮಾಡಿದ್ದೆ? ಈ ಹುಡುಗರು ಎಸ್‌ಟಿಡಿ ಬೂತಿನ ಮಕ್ಕಳು, ಗುಂಡಿ ಒತ್ತಿದರೆ ಬೊಂಬಾಯಿ ಮಾತಾಡುತ್ತದೆ. ಮೊದಲು ಹಾಗಿರಲಿಲ್ಲ. ಮುದಗಲ್ಲಿನ ಸಾಹುಕಾರನಿಗೆ ಬೊಂಬಾಯಿ ಬೇಕಾದರೆ ನನಗೆ ಫೋನು ಮಾಡಿ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ. ನಾನು ಚೀಟಿ ಬರೆದು ಪಾಳಿಗೆ ಹಚ್ಚುತ್ತಿದ್ದೆ. ಅವನು ಫೋನು ಇಟ್ಟು ಹತ್ತಿ ತೂಗಲು ಹೋಗುತ್ತಿದ್ದ. ಫೋನು ಹಿಡಿದು ಕೂತರೆ ಅವನ ಅಂಗಡಿಯೂ ಹಾಳು, ನನ್ನ ಗೆರೆಯೂ, ಅಂದರೆ ಲೈನೂ, ಹಾಳು. ಗೆರೆ ಖಾಲಿಯಾಗಿ ಬೊಂಬಾಯಿ ಸಿಕ್ಕ ಮೇಲೆ ನಾನೇ ಅವನಿಗೆ ಗಂಟೆ ಹೊಡೆಯುತ್ತಿದ್ದೆ.

“ನಂಗ ಕಾಲೇಜಿನ್ಯಾಗ ಮೂರು ತಿಂಗಳು ತಿಳೀಲಾರದ್ದು ಇದು” ಎಂದಳು ಮೇಡಂ. ಪ್ರಾಜೆಕ್ಟ್ ನನಗೆ ಅದೇ ಕೊಟ್ಟಳು. ಕೆಲಸದ ಪಾಳಿ ಕಟ್ಟುವುದು. ಬೇರೆಯವರು ಅದರ ಒಳಗೆ ಇಣುಕದೆ ಬಳಸುವಂತಿರಬೇಕು. ಸಾಹುಕಾರ ನನ್ನ ಸ್ವಿಚ್‌ಬೋರ್ಡು ನೋಡದೆ ಮಾತಾಡುತ್ತಿದ್ದನಲ್ಲ, ಹಾಗೆ. ಹೊರಗಿನವರಿಗೆ ಕೊಡುವ ಆ ನಾಲ್ಕು ಮಾತಿಗೆ ಎ.ಪಿ.ಐ. ಎಂದು ಹೆಸರು. ಎ.ಪಿ.ಎಂ.ಸಿ.ಯ ತಮ್ಮ ಇರಬೇಕು ಎಂದುಕೊಂಡಿದ್ದೆ.

೩೦ ಜನವರಿ

ನಾಲ್ಕು ಮಾತೂ ಬೇಕಾಗಲಿಲ್ಲ, ಮೂರರಲ್ಲಿ ಮುಗಿಸಿದೆ. ಹೆಸರು ಏನಾದರೂ ಇಡಬಹುದು, ಅಕ್ಷರ ಮಾತ್ರ ಇಂಗ್ಲಿಷಿನವು ಇರಬೇಕು ಎಂದಳು ಮೇಡಂ. ಹಾಗಾದರೆ ನನ್ನ ಮಾತನ್ನೇ ಇಡುತ್ತೇನೆ ಎಂದೆ. ಅಮೆರಿಕದವರು ಮಾಡಿದ ಯಂತ್ರ ಮಸ್ಕಿಯ ಕನ್ನಡವನ್ನು ತಕರಾರಿಲ್ಲದೆ ನುಂಗಿತು. ನನ್ನ ಇಂಗ್ಲಿಷನ್ನು ರಾಯಚೂರಿನ ಲೆಕ್ಚರರು ನುಂಗಿರಲಿಲ್ಲ.

ಒಂದು, ಗೆರೆ. ಏಕಕಾಲಕ್ಕೆ ಎಷ್ಟು ಕೆಲಸ ನಡೆಯಬೇಕು ಎಂದು ಮೊದಲೇ ಹೇಳುವುದು. ನಾನು ಎರಡು ಇಟ್ಟೆ. ಲಿಂಗಸೂಗೂರಿನಿಂದ ರಾಯಚೂರಿಗೆ ಎರಡೇ ಗೆರೆ ಇದ್ದದ್ದು. ಎರಡು, ಹಚ್ಚು. ಕೆಲಸವನ್ನೂ, ಮುಗಿದ ಮೇಲೆ ಯಾರನ್ನು ಕರೆಯಬೇಕು ಅನ್ನುವುದನ್ನೂ ಕೂಡಿಸಿ ಪಾಳಿಯ ಕಡೆಯಲ್ಲಿ ನಿಲ್ಲಿಸುವುದು. ಮೂರು, ಆಯ್ತು. ಇದನ್ನು ಹೇಳಬೇಕಾದವರು ನಾವಲ್ಲ, ಕೆಲಸವೇ. ಕೆಲಸ ತಾನು ಮುಗಿದಾಗ ‘ಆಯ್ತು’ ಎಂದರೆ ಗೆರೆ ಖಾಲಿ, ಮುಂದಿನವರು ಬರಬಹುದು.

ಅರ್ಜಂಟ್ ಬೇಡವೇ ಎಂದು ಕೇಳಿದಳು. ಬೇಡ. ಪಾಳಿ ಅಂದರೆ ಪಾಳಿ. ಅರ್ಜಂಟಿಗೆ ಎರಡು ಪಟ್ಟು ದರ ಕೊಟ್ಟವರೆಲ್ಲ ಮಾತಾಡಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ: ಮಳೆ ಆಯಿತೇನು, ಊಟ ಆಯಿತೇನು.

ಮೂವತ್ತು ಸುಳ್ಳು ಕೆಲಸ ಹಚ್ಚಿ ನೋಡಿದೆವು. ಒಂದರ ಹಿಂದೊಂದು ಆಯ್ತು, ಆಯ್ತು, ಆಯ್ತು ಎಂದು ಪರದೆಯ ಮೇಲೆ ಬಿದ್ದವು. ಗದ್ದೆಪ್ಪ ಚಪ್ಪಾಳೆ ಹೊಡೆದ. ಪಾಪ, ಒಳ್ಳೇ ಹುಡುಗ, ಕಿವಿಗೆ ಎಣ್ಣೆ ಹಾಕಿಕೊಂಡು ಬರುತ್ತಾನೆ.

೯ ಫೆಬ್ರುವರಿ

ಈ ಹುಡುಗಿಗೆ ಸುಮ್ಮನಿರಲು ಬರುವುದಿಲ್ಲ. ನನ್ನ ಪಾಳಿಯೊಳಗೆ ಆಕೆ ಎರಡು ಮೂಕ ಕೆಲಸ ತುರುಕಿದಳು. ಅವು ಶುರುವಾಗುತ್ತವೆ, ‘ಆಯ್ತು’ ಅನ್ನುವುದಿಲ್ಲ. ಎರಡೂ ಗೆರೆ ಎಂಗೇಜ್. ಹಿಂದೆ ನಿಂತ ಇಪ್ಪತ್ತೆಂಟು ಹಾಗೇ ನಿಂತವು. ನಾವು ಕಾದೆವು. ಕರೆಂಟು ಹೋಗಿ ಬಂತು, ಮತ್ತೆ ಹಚ್ಚಿದೆವು, ಮತ್ತೆ ನಿಂತವು.

“ಇದಕ್ಕೊಂದು ಗಡುವು ಹಾಕ್ರಿ ಕಾಕಾ. ಇಷ್ಟು ಸೆಕೆಂಡಿನ್ಯಾಗ ಆಯ್ತು ಅನ್ನಲಿಲ್ಲಂದ್ರ, ಸಿಗಲಿಲ್ಲ ಅಂತ ಹಚ್ಚಿದವ್ರಿಗೆ ತಿಳಿಸಿ ಗೆರಿ ಬಿಡಸ್ರಿ.”

ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೊಂದು ಗಡಿಯಾರವೂ ಇದೆಯಂತೆ, ಇಷ್ಟು ಹೊತ್ತಾದ ಮೇಲೆ ಎಬ್ಬಿಸು ಎಂದರೆ ಎಬ್ಬಿಸುತ್ತದೆ. ನಾನು ಹಾಕುವುದಿಲ್ಲ ಎಂದೆ. ಯಾಕೆ ಎಂದಳು. ನನ್ನ ಪಾಳಿಯೊಳಗೆ ‘ಸಿಗಲಿಲ್ಲ’ ಅನ್ನುವ ಮಾತಿಲ್ಲ, ಕಾಯಬೇಕು ಎಂದೆ. ಎಷ್ಟೊತ್ತು ಕಾಯಬೇಕು ಎಂದು ಕೇಳಿದಳು. ‘ಟೈಮ್ ಅಂಡ್ ಟೈಡ್ ವೇಟ್ಸ್ ಫಾರ್ ಸಮ್ ಮ್ಯಾನ್’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಒಂದು ಚಪ್ಪಲಿ ಗದ್ದೆಪ್ಪನದು.

೧೦ ಫೆಬ್ರುವರಿ

ಪಿ.ಪಿ. ಕಾಲ್ ಎಂದು ಒಂದಿತ್ತು. ಪರ್ಟಿಕ್ಯುಲರ್ ಪರ್ಸನ್. ಬರೀ ನಂಬರ್ ಕೊಟ್ಟರೆ ಯಾರು ಎತ್ತಿದರೂ ಮಾತಾಡಬೇಕು. ಪಿ.ಪಿ. ಅಂದರೆ ಇಂಥವರನ್ನೇ ಕರೆಸಿ ಕೊಡಿ ಎಂದು ಹೆಸರು ಹೇಳುವುದು. ಮನೆಯಲ್ಲಿ ಫೋನಿಲ್ಲದಿದ್ದರೆ ನಮ್ಮ ಜವಾನ ಹೋಗಿ ಕರೆತರುತ್ತಿದ್ದ. ಬರದಿದ್ದರೆ ಚೀಟಿಯ ಮೇಲೆ ‘ಪಿ.ಪಿ. ಸಿಗಲಿಲ್ಲ’ ಎಂದು ಬರೆದು ಮುಂದಿನದು ಎತ್ತಿಕೊಳ್ಳುವುದು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು, ‘ನಾಟ್ ಅವೇಲೆಬಲ್’. ಸ್ಪೆಲ್ಲಿಂಗ್ ಮೂರು ಥರ.

೧೯೮೪ರ ಬೇಸಿಗೆ. ಲಿಂಗಸೂಗೂರು ಎಕ್ಸ್‌ಚೇಂಜಿನಲ್ಲಿ ನಾನೊಬ್ಬನೇ ಬೋರ್ಡಿನ ಮುಂದೆ. ಬೆಳಿಗ್ಗೆ ಹನ್ನೊಂದು ಗಂಟೆ. ಹದಿನಾಲ್ಕು ಚೀಟಿ ಪಾಳಿಯಲ್ಲಿದ್ದವು. ಮಸ್ಕಿಯಿಂದ ಹೊಸ ಆಪರೇಟರ್ ಗಂಟೆ ಹೊಡೆದ. ಒಂದು ಪಿ.ಪಿ. ಇದೆ, ಜರೂರು, ಹೆಸರು ಯಮನಮ್ಮ, ಎಕ್ಸ್‌ಚೇಂಜಿನ ಹಿಂದಿನ ಕ್ವಾರ್ಟರ್ಸು ಎಂದ. ಅದು ನನ್ನ ಹೆಂಡತಿ ಎಂದು ಅವನಿಗೆ ಗೊತ್ತಿಲ್ಲ. ಜವಾನ ಊಟಕ್ಕೆ ಹೋಗಿದ್ದ. ಬೋರ್ಡು ಬಿಟ್ಟು ಏಳುವಂತಿಲ್ಲ, ಅದು ರೂಲು. ಅಲ್ಲದೆ ಜರೂರು ಅಲ್ಲದ ಕಾಲ್ ಯಾವುದು? ಗುರುಗುಂಟಾದಿಂದ ಕುರಿಯ ದರ ಕೇಳುವವನೂ ಜರೂರು ಅನ್ನುತ್ತಾನೆ. ಹದಿನಾಲ್ಕು ಮಂದಿಯನ್ನು ನಿಲ್ಲಿಸಿ ಆಪರೇಟರ್ ತನ್ನ ಹೆಂಡತಿಯನ್ನು ಕರೆಯಲು ಓಡಿದ ಅನ್ನಿಸಿಕೊಳ್ಳುವುದೇ? ನಾನು ರೂಲಿನ ಮನುಷ್ಯ. ಏನಪ್ಪಾ ವಿಷಯ ಎಂದು ಮಸ್ಕಿಯನ್ನು ಕೇಳಲೂ ಇಲ್ಲ. ಪಿ.ಪಿ. ಸಿಗಲಿಲ್ಲ ಎಂದು ಬರೆದೆ.

ನಾಲ್ಕಕ್ಕೆ ಡ್ಯೂಟಿ ಮುಗಿಸಿ ಹೋಗಿ, ನಿನಗೊಂದು ಕಾಲ್ ಬಂದಿತ್ತು ಎಂದೆ. ಆಕೆಗೆ ಕೂಡಲೇ ತಿಳಿಯಿತು. ಮಸ್ಕಿ ಆಕೆಯ ತವರು, ಅಪ್ಪ ಹಾಸಿಗೆ ಹಿಡಿದಿದ್ದ. ಸಿಕ್ಕ ಬಸ್ಸಿಗೆ ಓಡಿದಳು. ಮಸ್ಕಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಕುಣಿ ಮುಚ್ಚಿ ಎಲ್ಲರೂ ಕಾಲು ತೊಳೆದು ಕೂತಿದ್ದರು. ಅಪ್ಪನ ಮಣ್ಣಿಗೆ ಸಿಗಲಿಲ್ಲ ಎಂದು ಅಲ್ಲಿಯ ಹೆಂಗಸರು ಅತ್ತರಂತೆ. ಆಕೆ ಅಳಲಿಲ್ಲ. ಮೂರನೇ ದಿನ ತಿರುಗಿ ಬಂದು, ರೊಟ್ಟಿ ತಟ್ಟುತ್ತಾ, ನನ್ನ ಕಡೆ ನೋಡದೆ ಅಂದಳು:

“ನಲವತ್ತು ಹೆಜ್ಜಿ ಇತ್ತಲ್ರೀ.”

ಬೋರ್ಡಿನಿಂದ ಕ್ವಾರ್ಟರ್ಸಿನ ಬಾಗಿಲಿಗೆ. ಎಣಿಸಿಕೊಂಡು ಬಂದಿದ್ದಳು. ಹದಿನಾಲ್ಕು ವರ್ಷ ಮತ್ತೆ ಆ ಮಾತು ಎತ್ತಲಿಲ್ಲ. ಹೆಂಗಸರು ಜಗಳವಾಡುತ್ತಾರೆ ಎಂದು ಬಯ್ಯುವ ಗಂಡಸರಿಗೆ ಜಗಳವಾಡದ ಹೆಂಗಸು ಸಿಗಬೇಕು.

ಇದನ್ನೆಲ್ಲ ಯಾಕೆ ಬರೆದೆನೋ. ಪ್ರಾಜೆಕ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇವತ್ತಿನ ಬುದ್ಧಿಮಾತು: ‘ಹೆಚ್ಚುವರಿ ನೀರನ್ನು ಬಸಿದು ಬಿಡಿ.’

೧೧ ಫೆಬ್ರುವರಿ

ಹಾಜರ್ ಅಂದೆ. ಚಪ್ಪಲಿ ವಾಪಸ್ ಕೊಟ್ಟೆ.

೨೪ ಫೆಬ್ರುವರಿ

ಪರೀಕ್ಷೆ ಮಾರ್ಚ್ ಆರಕ್ಕೆ. ಮುಖ್ಯ ಕಚೇರಿಯಿಂದ ಪರೀಕ್ಷಕ ಬರುತ್ತಾನೆ. ಹಾಲ್ ಟಿಕೆಟ್ಟುಗಳು ಬಂದಿವೆ. ಯಮನಮ್ಮ, ಸ್ತ್ರೀ. ಪಕ್ಕದಲ್ಲಿ ಫೋಟೊಕ್ಕೆ ಖಾಲಿ ಚೌಕ. ವೆಂಕೋಬ ನನ್ನನ್ನು ಬದಿಗೆ ಕರೆದು, ಸಾಹೇಬರೇ, ಹೆಸರಿಗಂತೂ ಅಡ್ಡಿಯಿಲ್ಲ, ಆದರೆ ಪರೀಕ್ಷಕನಿಗೆ ಕಣ್ಣಿರುತ್ತವೆ ಎಂದ. ಒಂದೂವರೆ ತಿಂಗಳ ಮೇಲೆ ಹೊಳೆಯಿತು ಅವನಿಗೆ. ಉಪಾಯವನ್ನೂ ಅವನೇ ಹೇಳಿದ: ಯಾರಾದರೂ ಹೆಂಗಸನ್ನು ಹತ್ತು ನಿಮಿಷ ಕೂರಿಸಿರಿ, ಪ್ರಾಜೆಕ್ಟ್ ತಯಾರಿದೆ, ಗುಂಡಿ ಒತ್ತಿದರೆ ಸಾಕು. ಉಪಾಯ ನನಗೂ ಸರಿ ಕಂಡಿತು. ಮೊಳೆ ಹೊಡೆದಾಗಿದೆಯಲ್ಲ.

ಶೇಖಮ್ಮನನ್ನು ಕೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟಳು.

“ಬದುಕಿದ್ದಾಗ ಆಕಿ ಕೊಡ ಹೊತ್ತೀನಿ, ಸತ್ತ ಮ್ಯಾಲ ಆಕಿ ಹೆಸರೂ ನಾನ ಹೊರಬೇಕೇನಣ್ಣಾ? ನಾಳಿ ಆಕಿ ಪಾಲಿನ ಯಮನೂ ನನ್ನ ಬಾಗಿಲಿಗೆ ಬಂದ್ರ?”

ಯಮ ತನ್ನ ಕೆಲಸ ಮುಗಿಸಿ ಆಯ್ತು ಅಂದು ಹೋಗಿದ್ದಾನೆ, ಎರಡು ಸಲ ಬರುವುದಿಲ್ಲ ಎಂದೆ. ಅದಕ್ಕೆ ಆಕೆ ನಕ್ಕಳು. ಹಾಗೂ ಹೀಗೂ, ಒಂದು ಹಸಿರು ರವಿಕೆ ಕಣದ ಮೇಲೆ ಒಪ್ಪಿದಳು.

೨೭ ಫೆಬ್ರುವರಿ

ಶೇಖಮ್ಮನನ್ನು ಒಪ್ಪಿಸಿದ ಸಂತೋಷದಲ್ಲಿ ತರಗತಿಯವರಿಗೆ ಶೇಂಗಾ ಉಂಡೆ ಕೊಂಡು ಹೋಗಿದ್ದೆ. ಎಲ್ಲರೂ ಹೋದ ಮೇಲೆ ಹಾಜಿರಾ ಉಂಡೆಯನ್ನು ಮೇಜಿನ ಮೇಲೇ ಇಟ್ಟು ಕೂತಿದ್ದಳು. ವೆಂಕೋಬನಿಂದ ಉಪಾಯ ಕೇಳಿದ್ದಳಂತೆ.

ಅವ್ವನನ್ನೂ ಇಬ್ಬರು ತಂಗಿಯರನ್ನೂ ಈ ಕೆಲಸದ ಮೇಲೆ ಸಾಕುತ್ತಿದ್ದೇನೆ ಎಂದು ಆಕೆ ಎಂದೂ ಹೇಳಿರಲಿಲ್ಲ, ಇವತ್ತೂ ಹೇಳಲಿಲ್ಲ. ಗದ್ದೆಪ್ಪನಿಂದ ನನಗೆ ಗೊತ್ತು. ಆಕೆ ಹೇಳಿದ್ದು ಬೇರೆ. ಪರೀಕ್ಷಕ ಎರಡು ಪ್ರಶ್ನೆ ಕೇಳಿದರೆ ಶೇಖಮ್ಮ ಸಿಕ್ಕಿಬೀಳುತ್ತಾಳೆ. ಆಮೇಲೆ ರಿಜಿಸ್ಟರ್ ತೆಗೆಯುತ್ತಾರೆ. ವೆಂಕೋಬ, ನನಗೇನು ಗೊತ್ತು, ಹಾಜರಿ ಹಾಕಿದವರನ್ನು ಕೇಳಿ ಎನ್ನುತ್ತಾನೆ.

“ನಲವತ್ತು ದಿನದ ಹಾಜರಿ ಕೆಳಗ ನನ್ನ ಸಹಿ ಐತ್ರೀ ಕಾಕಾ. ಮೊದಲನೇ ದಿನಾನ ನಾ ಬ್ಯಾಡ ಅನ್ನಬೇಕಿತ್ತು. ನೀವು ಆ ಹೆಸರಿಗೆ ಹಾಜರ್ ಅಂದ ರೀತಿ ನೋಡಿ ಅನ್ನಲಿಲ್ಲ.”

ಯಾರೂ ಕೂರದಿದ್ದರೆ ಎಂದು ಕೇಳಿದೆ. ಯಮನಮ್ಮ ಪರೀಕ್ಷೆಗೆ ಗೈರುಹಾಜರಿ ಎಂದು ಬರೆದುಕೊಂಡು ಹೋಗುತ್ತಾರೆ, ಗೈರಾದವರ ಮೀಸೆ ಯಾರೂ ಹುಡುಕುವುದಿಲ್ಲ ಎಂದಳು. ಸರ್ಟಿಫಿಕೇಟ್? ಅದು ಬರುವುದಿಲ್ಲ. ಇಷ್ಟು ಹೇಳಿ, ಉಪಾಯದ ಪ್ರಕಾರವೇ ಮಾಡುವುದಾದರೂ ತಾನು ಬಾಯಿ ಬಿಡುವುದಿಲ್ಲ ಎಂದೂ ಸೇರಿಸಿದಳು. ಇದೇ ನೋಡಿ ಈ ಹುಡುಗಿಯ ಕೆಟ್ಟ ಗುಣ. ಜಗಳವಾಡುವುದಿಲ್ಲ.

ಉಂಡೆ ನಾನೇ ತಿಂದೆ. ಶೇಂಗಾ ಮುಗ್ಗಲು.

೩ ಮಾರ್ಚ್

ಪರೀಕ್ಷೆಗೆ ಕೂರಲಿ ಬಿಡಲಿ, ಮೂಕ ಕೆಲಸದಿಂದ ನಿಂತುಹೋಗುವ ಪಾಳಿಯನ್ನು ಹಾಗೇ ಬಿಟ್ಟುಹೋಗಲು ಆಪರೇಟರನ ಕೈ ಬರುವುದಿಲ್ಲ. ಕೆಲಸದ ಶಿಸ್ತು, ಬೇರೇನಲ್ಲ. ಮಧ್ಯಾಹ್ನವೆಲ್ಲ ಕೂತು ಗಡುವು ಹಾಕಿದೆ. ಈಗ ‘ಹಚ್ಚು’ವಾಗ ಎರಡು ವಿಳಾಸ ಕೊಡಬೇಕು. ಮುಗಿದರೆ ಇವರನ್ನು ಕರಿ, ಸಿಗದಿದ್ದರೆ ಅವರನ್ನು ಕರಿ. ಗಡುವು ಮೀರಿದರೆ ‘ಸಿಗಲಿಲ್ಲ’ ಎಂದು ತಿಳಿಸಿ ಗೆರೆ ಬಿಡಿಸುತ್ತದೆ. ಹಾಜಿರಾ ತನ್ನ ಎರಡು ಮೂಕರನ್ನು ಮತ್ತೆ ತುರುಕಿದಳು. ಹತ್ತು ಸೆಕೆಂಡು ನಿಂತವು. ಸಿಗಲಿಲ್ಲ. ಸಿಗಲಿಲ್ಲ. ಆಮೇಲೆ ಬಾಕಿ ಇಪ್ಪತ್ತೆಂಟೂ ಸರಸರ ಹೋದವು.

ಅಷ್ಟಕ್ಕೆ ಬಿಟ್ಟಳೇ? ಗಡುವು ಮೀರಿ ಗೆರೆ ಇನ್ನೊಬ್ಬರಿಗೆ ಕೊಟ್ಟ ಮೇಲೆ, ಆ ಮೂಕ ಕೆಲಸ ತಡವಾಗಿ ‘ಆಯ್ತು’ ಅಂದರೆ ಏನು ಮಾಡುತ್ತೀರಿ ಎಂದಳು. ಹಾಗೇ ಬಿಟ್ಟರೆ ಒಂದೇ ಗೆರೆ ಎರಡು ಸಲ ಖಾಲಿಯಾದಂತೆ ಲೆಕ್ಕ ಕೆಡುತ್ತದೆ.

ಯೋಚನೆ ಮಾಡಿದೆ. ತಡವಾಗಿ ಬಂದದ್ದನ್ನು ಪಾಳಿ ಕೇಳಿಸಿಕೊಳ್ಳಬೇಕು, ಸುಮ್ಮನಿರಬೇಕು. ಗೆರೆಗೂ ಅದಕ್ಕೂ ಇನ್ನು ಸಂಬಂಧವಿಲ್ಲ. ಹಾಗೇ ಬರೆದೆ. ಎರಡು ಸಾಲು ಹಿಡಿಯಿತು.

ಮನೆಗೆ ಬಂದಾಗ ಶೇಖಮ್ಮ ಕಟ್ಟೆಯ ಮೇಲೆ ಕೂತಿದ್ದಳು. ರವಿಕೆ ಕಣ ಕೊಟ್ಟೆ, ಪರೀಕ್ಷೆಗೆ ಬರುವುದು ಬೇಡ ಎಂದೆ. ಹಂಚನ್ನೂ ಒಯ್ದಳು. ಕೈಗೆ ಸಿಗುವ ಹಾಗೆ ಇಟ್ಟಿದ್ದೆ, ಒಯ್ಯದೆ ಬಿಡುತ್ತಾಳೆಯೇ.

೬ ಮಾರ್ಚ್

ಮನೆಯಲ್ಲೇ ಇರಬೇಕಿತ್ತು. ಗೊಬ್ಬರದ ಅಂಗಡಿಯಲ್ಲಿ ಬೇವಿನ ಹಿಂಡಿಯ ದರ ಕೇಳಿ ಬರೋಣ ಎಂದು ಹೋದೆ. ಹೊಲವಿಲ್ಲದವನಿಗೆ ಬೇವಿನ ಹಿಂಡಿ. ಕಾಲು ತಾವೇ ಮೆಟ್ಟಿಲು ಹತ್ತಿದವು.

ಬಾಗಿಲ ಹೊರಗಿನ ಬೆಂಚಿನ ಮೇಲೆ, ಚಪ್ಪಲಿಗಳ ಜೊತೆ ಕೂತೆ. ಒಳಗೆ ಪರೀಕ್ಷಕ, ದಪ್ಪ ಕನ್ನಡಕ, ಸಫಾರಿ. ಹಾಜಿರಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದ. ಎಂಟನೆಯದು ಬಂತು.

“ಯಮನಮ್ಮ.”

ಹತ್ತು ತಲೆಗಳು ಬಾಗಿಲ ಕಡೆ ತಿರುಗಿದವು, ನನ್ನ ಕಡೆ. ಅಭ್ಯಾಸಬಲ, ಅವರದೇನು ತಪ್ಪು. ನನ್ನ ನಾಲಿಗೆಯ ತುದಿಗೂ ಅಭ್ಯಾಸಬಲದಿಂದ ಹಾಜರ್ ಬಂದು ಕೂತಿತ್ತು. ಪರೀಕ್ಷಕ ಎರಡನೇ ಸಲ ಕರೆದ. ಗದ್ದೆಪ್ಪ ನನಗೆ ಕಣ್ಣಲ್ಲೇ ಏಳಿ ಎಂದ. ಹಾಜಿರಾ ನೆಲ ನೋಡುತ್ತಿದ್ದಳು. ಮೂರನೇ ಸಲ ಸ್ವಲ್ಪ ಜೋರಾಗಿ ಕರೆದ. ಯಾರೂ ಏನೂ ಹೇಳದಿದ್ದರೆ ಈ ಮನುಷ್ಯ ಸಂಜೆತನಕ ಇದೇ ಹೆಸರು ಕೂಗುತ್ತಾನೆ, ಹಿಂದಿನವರ ಗತಿಯೇನು ಅನ್ನಿಸಿತು. ಎದ್ದು ಬಾಗಿಲಿಗೆ ಹೋದೆ.

“ಪರ್ಟಿಕ್ಯುಲರ್ ಪರ್ಸನ್ ನಾಟ್ ಅವೇಲೆಬಲ್. ಮುಂದಿನವ್ರನ್ನ ಕರೀರಿ ಸಾಹೇಬ್ರ.”

ಪರೀಕ್ಷಕ ಕನ್ನಡಕದ ಮೇಲಿನಿಂದ ನೋಡಿ ನೀವು ಯಾರು ಎಂದ. ಆಪರೇಟರ್ ಎಂದೆ. ಸೆಂಟರಿನ ಆಳು ಎಂದುಕೊಂಡನೋ ಏನೋ, ತಲೆಯಾಡಿಸಿ ಪಟ್ಟಿಯ ಮೇಲೆ ಗೆರೆ ಎಳೆದ. “ಗದ್ದೆಪ್ಪ” ಎಂದು ಕರೆದ. ಅವನು ಎಡವಿಕೊಂಡು ಎದ್ದ.

ಎಂಬತ್ತನಾಲ್ಕರಲ್ಲಿ ಇದೇ ಮಾತನ್ನು ಬರೆದಾಗ ಅದು ಸುಳ್ಳು. ಆಕೆ ಇದ್ದಳು.

ಬೇವಿನ ಹಿಂಡಿ ಬಹಳ ದುಬಾರಿಯಾಗಿದೆ. ಮೊಳೆಗೆ ಸದ್ಯ ಕೈಚೀಲ ನೇತುಹಾಕಿದ್ದೇನೆ.

೨೨ ಮಾರ್ಚ್

ಯುಗಾದಿ ಮುಗಿದು ಹೊಸ ಬ್ಯಾಚ್ ಶುರು. ಹಾಜಿರಾ ಮೂರು ದಿನದ ಹಿಂದೆ ಮನೆತನಕ ಬಂದು ಕರೆದಿದ್ದಳು. ವೆಂಕೋಬನ ಜೊತೆ ಮಾತಾಗಿದೆ, ವಾರಕ್ಕೆರಡು ದಿನ ಹೊಸ ಹುಡುಗರಿಗೆ ಪಾಳಿಯ ಪಾಠ ನಾನು ಹೇಳಬೇಕು, ಬದಲಿಗೆ ಬಾಕಿ ದಿನ ಪುಕ್ಕಟೆ ಕಲಿಯಬೇಕು. ನನಗೆ ಬೇರೆ ಕೆಲಸಗಳಿವೆ ಎಂದೆ. ಯಾವುವು ಎಂದು ಶೇಖಮ್ಮ ಗೋಡೆಯಾಚೆಯಿಂದ ಕೇಳಿದಳು. ರೊಟ್ಟಿ ಬಡಿಯುವ ಸಪ್ಪಳದ ನಡುವೆಯೂ ಈ ಹೆಂಗಸಿಗೆ ಎಲ್ಲ ಕೇಳಿಸುತ್ತದೆ.

ಹೋದೆ. ಮೂಲೆಯ ಕುರ್ಚಿ ಖಾಲಿಯಿತ್ತು, ಕೂತೆ. ಹಾಜಿರಾ ಈ ಸಲ ರಿಜಿಸ್ಟರ್ ತೆಗೆಯಲಿಲ್ಲ. ಹಾಜರಿಯನ್ನು ಕಂಪ್ಯೂಟರಿನಲ್ಲೇ ತೆಗೆಯುತ್ತಾಳಂತೆ, ಅದೂ ನನ್ನ ಪಾಳಿಯಿಂದಲೇ. ಹೆಸರುಗಳನ್ನು ಹಚ್ಚಿಟ್ಟಿದ್ದಾಳೆ. ಒಂದು ಹೆಸರು ಪರದೆಗೆ ಬರುತ್ತದೆ, ಆಕೆ ಓದುತ್ತಾಳೆ, ಹಾಜರ್ ಅಂದರೆ ಗುಂಡಿ ಒತ್ತುತ್ತಾಳೆ, ಆಯ್ತು. ಹತ್ತು ಸೆಕೆಂಡು ಗಡುವು. ಗೆರೆ ಒಂದೇ. ನೋಡಿ ಹೆಮ್ಮೆಯೇನೂ ಅನ್ನಿಸಲಿಲ್ಲ. ಅಕ್ಷರದ ಬಣ್ಣ ಸರಿಯಿರಲಿಲ್ಲ.

ಹೊಸ ಹುಡುಗರು ಒಬ್ಬೊಬ್ಬರೇ ಹಾಜರ್ ಅಂದರು. ಐದನೆಯದೋ ಆರನೆಯದೋ ಹೆಸರು ಓದಿ ಹಾಜಿರಾ ಕಾದಳು. ಮತ್ತೆ ಓದಿದಳು. ಈಗಿನ ಹುಡುಗರು ಮೊದಲ ದಿನವೇ ಗೈರು, ಇವರೆಲ್ಲ ಎಲ್ಲಿ ಉದ್ಧಾರವಾಗುತ್ತಾರೆ ಎಂದು ಪಕ್ಕದವನಿಗೆ ಹೇಳಿದೆ. ಗಡುವು ಮೀರಿತು. ಪರದೆಯ ಮೇಲೆ ನನ್ನದೇ ಮಾತು ಬಿತ್ತು. ಹಾಜಿರಾ ಅದನ್ನು ಗಟ್ಟಿಯಾಗಿ ಓದಿದಳು.

“ಅಂಬಪ್ಪ, ಸಿಗಲಿಲ್ಲ.”

ಪಾಳಿ ಮುಂದೆ ಹೋಯಿತು. ಮುಂದಿನವನು ಹಾಜರ್ ಅಂದ, ಅವನ ಮುಂದಿನವಳು ಹಾಜರ್ ಅಂದಳು. ಅಂಬಪ್ಪ, ಅಂಬಪ್ಪ, ಎಲ್ಲೋ ಕೇಳಿದ ಹೆಸರು ಎಂದು ನಾನು ಯೋಚಿಸುತ್ತಿದ್ದೆ. ನನ್ನ ಪಿಂಚಣಿ ಪುಸ್ತಕದ ಮೊದಲ ಪುಟ ಕಣ್ಣ ಮುಂದೆ ಬಂದದ್ದು ಆಗ. ಹೆಣ್ಣಿನ ದನಿಯಲ್ಲಿ ಆ ಹೆಸರನ್ನು ಕಡೆಯದಾಗಿ ಕೇಳಿದ್ದು ಅರವತ್ತೆರಡನೇ ಇಸವಿಯಲ್ಲಿ, ಮಸ್ಕಿಯಲ್ಲಿ, ಮದುವೆಯ ಒಡಪಿನೊಳಗೆ. ಅದೂ ಅರ್ಧ ನಗುವಿನಲ್ಲಿ ಮುಳುಗಿಹೋಗಿತ್ತು.

ಹಾಜಿರಾ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದಳು.

“ಕಡೀಗೆ ಮತ್ತೊಮ್ಮೆ ಹಚ್ಚೀನ್ರಿ ಕಾಕಾ. ಈ ಸಲ ಕೇಳಿಸ್ಕೊಳ್ರಿ.”

ನನ್ನ ಮುಂದೆ ನಾಲ್ಕು ಮಂದಿ ಇದ್ದರು. ಪಾಳಿ ಅಂದರೆ ಪಾಳಿ, ಕಾದೆ. ನಾಲ್ವರದೂ ಆಯಿತು. ಆಕೆ ಹೆಸರು ಓದಿದಳು.

ಹಾಜರ್ ಅಂದೆ.